ಕುಷ್ಟ ಒಂದು ದಿನ ಸುಮ್ಮನೆ ಕೂತದ್ದು

ಕುಷ್ಟನನ್ನು ನಾನು ಹೆಚ್ಚಾಗಿ ಕಂಡದ್ದು ಮೇಜಿನ ಅಡಿಯಲ್ಲೇ. ಅವನ ಮುಖಕ್ಕಿಂತ ಅಂಗಾಲು ನನಗೆ ಹೆಚ್ಚು ಗುರುತು. ಹಿಮ್ಮಡಿ ಒಡೆದು, ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ, ಎರಡು ಕಾಲು ಮೇಜಿನಿಂದ ಹೊರಗೆ ಚಾಚಿಕೊಂಡಿರುತ್ತಿದ್ದವು. ಒಳಗಿನಿಂದ ದನಿ ಮಾತ್ರ ಬರುತ್ತಿತ್ತು: “ಚಲ್ ಬೇಟಾ, ಚಲ್.” ಮುಂಬಯಿಯಲ್ಲಿ ಇಪ್ಪತ್ತಾರು ವರ್ಷ ಇದ್ದವ. ಮನುಷ್ಯರ ಹತ್ತಿರ ನಮ್ಮ ಕುಂದಾಪುರದ ಮಾತು, ಕಂಪ್ಯೂಟರಿನ ಹತ್ತಿರ ಹಿಂದಿ.

ನಾನು ಜಲಜ. ಗಂಗೊಳ್ಳಿ ಬಂದರಿನ ಹತ್ತಿರ ಒಂದು ಸಹಕಾರ ಸಂಘದ ಆಫೀಸಿನಲ್ಲಿ ಗುಡಿಸಿ ಒರೆಸಿ ಚಹಾ ಮಾಡುವುದು ನನ್ನ ಕೆಲಸ. ಯಜಮಾನರು ಹೋದ ಮರುವರ್ಷ ಸೇರಿದೆ, ಈಗ ಹನ್ನೊಂದು ವರ್ಷವಾಯಿತು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಂಡದ್ದನ್ನು ಮರೆಯುವವಳಲ್ಲ. ಯಾವ ಬೋಟು ಯಾವ ವರ್ಷ ನೀರಿಗಿಳಿಯಿತು, ಆ ದಿನ ಯಾರು ಯಾವ ಸೀರೆ ಉಟ್ಟಿದ್ದರು ಎಂದು ಕೇಳಿದರೂ ಹೇಳುತ್ತೇನೆ. ಹಾಗಾಗಿ ಕುಷ್ಟನ ವಿಷಯ ನಾನು ಬರೆದರೆ ತಪ್ಪಾಗಲಿಕ್ಕಿಲ್ಲ.

ನಮ್ಮ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರು. ಪ್ರತಿಯೊಂದರ ಬೆನ್ನಿನಿಂದ ಒಂದು ನೀಲಿ ವೈರು ಹೊರಟು, ಗೋಡೆಯಗುಂಟ ಹೋಗಿ, ಕಪಾಟಿನ ಮೇಲಿನ ಒಂದು ಡಬ್ಬಿಗೆ ಸೇರುತ್ತದೆ. ಆ ಡಬ್ಬಿಯಲ್ಲಿ ಹಸಿರು ದೀಪಗಳು ಕಣ್ಣು ಮಿಟುಕಿಸುತ್ತಿರಬೇಕು. ಮಿಟುಕಿಸಿದರೆ ಲೈನು ಇದೆ, ನಿಂತರೆ ಇಲ್ಲ. ಇಷ್ಟು ನನಗೂ ಗೊತ್ತು. ಲೈನು ಇಲ್ಲದಿದ್ದರೆ ಬೋಟಿನವರಿಗೆ ಡೀಸೆಲ್ ಚೀಟಿ ಪ್ರಿಂಟಾಗುವುದಿಲ್ಲ. ಚೀಟಿ ಇಲ್ಲದೆ ಬೋಟು ಹೊರಡುವುದಿಲ್ಲ. ಬೋಟು ಹೊರಡದಿದ್ದರೆ ನಮ್ಮ ಜಗಲಿಯಲ್ಲಿ ಏನು ಗಲಾಟೆ ಎಂದು ಬೇರೆ ಹೇಳಬೇಕಾಗಿಲ್ಲ.

“ಹ್ವಾಯ್ ಶೈಲೇಶ, ನಿಮ್ ಕಂಪ್ಯೂಟರಿಗ್ ಜ್ವರ ಬಿಟ್ಟಿತಾ ಇಲ್ಲ್ಯಾ? ಗಂಜಿ ಕೊಡಿ ಮಾರಾಯ್ರೆ ಅದ್ಕೆ!” ಎಂದು ಬೋಟಿನ ತಿಮ್ಮ ಕಿಟಕಿಯಿಂದ ಕೂಗುತ್ತಿದ್ದ.

ಶೈಲೇಶ ನಮ್ಮ ಗುಮಾಸ್ತ. ಅವನೂ ಬಿಡುವವನಲ್ಲ. “ನಿನ್ ಬೋಟ್ ಇಂಜಿನಿನಷ್ಟ್ ಕೆಮ್ಮುದಿಲ್ಲೆ, ಸುಮ್ನೆ ಕೂಕೊ” ಎನ್ನುತ್ತಿದ್ದ. ಹೇಳಿ ಮತ್ತೆ ಕುಷ್ಟನಿಗೆ ಫೋನು ಮಾಡುತ್ತಿದ್ದ.

ಕುಷ್ಟನ ಮನೆ ಬೀಜಾಡಿಯಲ್ಲಿ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕಣ್ಣೆದುರೇ ಕಾಣುತ್ತದೆ, ಕೂಗಿದರೆ ಕೇಳುವ ಹಾಗೆ. ಆದರೆ ಸ್ಕೂಟರಿನಲ್ಲಿ ಬರಬೇಕಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಸುತ್ತಿ ಬರಬೇಕು. ಬಂದು ಇಳಿಯುವಾಗ ಸೊಂಟ ಹಿಡಿದುಕೊಂಡೇ ಇಳಿಯುತ್ತಿದ್ದ. ಐವತ್ತೊಂದು ವಯಸ್ಸು, ನೋಡಲಿಕ್ಕೆ ಅರವತ್ತು. ಹೆಗಲಲ್ಲಿ ಮುಂಬಯಿಯ ಯಾವುದೋ ಕಂಪನಿಯ ಹೆಸರಿದ್ದ ಚೀಲ. ಅದರ ಪಟ್ಟಿ ಹರಿದಲ್ಲಿ ಹೆಂಡತಿ ಶ್ರೀಲತಾ ಹೊಲಿದು ಕೊಟ್ಟಿದ್ದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಎಷ್ಟು ಗಟ್ಟಿ ಎಂದರೆ ಚೀಲ ಹರಿದೀತು, ಆ ಪಟ್ಟಿ ಹರಿಯಲಿಕ್ಕಿಲ್ಲ.

ನಾನು ಚಹಾ ಕೊಡುವಾಗ ಅವನು ತನ್ನ ಕತೆಯನ್ನು ಚೂರು ಚೂರಾಗಿ ಹೇಳುತ್ತಿದ್ದ. ಸಕ್ಕರೆ ಕಾಯಿಲೆ, ಹಾಗಾಗಿ ಸಪ್ಪೆ ಚಹಾ. ಹತ್ತೊಂಬತ್ತಕ್ಕೆ ಮುಂಬಯಿಗೆ ಹೋದನಂತೆ, ಅಲ್ಲಿ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿನಲ್ಲಿ ಚಹಾ ಹಂಚುವ ಕೆಲಸ. ಒಂದು ದಿನ ಆ ಆಫೀಸಿಗೆ ವೈರು ಎಳೆಯಲಿಕ್ಕೆ ಬಂದವರಲ್ಲಿ ಒಬ್ಬ ರಜೆ ಹಾಕಿದ್ದ. ಏಣಿ ಹಿಡಿದುಕೊಳ್ಳಲಿಕ್ಕೆ ಜನ ಬೇಕಿತ್ತು. ಕುಷ್ಟ ಚಹಾದ ಕೆಟಲು ಕೆಳಗಿಟ್ಟು ಏಣಿ ಹಿಡಿದ.

“ಆ ಏಣಿ ಹಿಡ್ದದ್ದ್ ಕಾಣಿ ಜಲಜಕ್ಕ. ಬಿಡುಕೆ ಇಪ್ಪತ್ತೈದ್ ವರ್ಷ ಬೇಕಾಯ್ತ್” ಎಂದಿದ್ದ.

ಶಾಲೆಯಲ್ಲಿ ಕಲಿತದ್ದಲ್ಲ, ಯಾರೂ ಸರ್ಟಿಫಿಕೇಟು ಕೊಟ್ಟದ್ದೂ ಅಲ್ಲ. ಮಾಡಿನ ಮೇಲೆ ಹತ್ತಿ, ನೆಲದ ಅಡಿಗೆ ನುಗ್ಗಿ, ಇಲಿ ಕಡಿದ ವೈರನ್ನು ಹುಡುಕಿ ಹುಡುಕಿ ಕಲಿತದ್ದು. ಜನರೇಟರಿನ ಕೋಣೆಯಲ್ಲಿ ನಿಂತು ನಿಂತು ಎಡಕಿವಿ ಮಂದವಾಯಿತು. ಮೊಣಕಾಲು ಎರಡೂ ಹೋದವು. ಕಂಟ್ರಾಕ್ಟುದಾರ ಕೆಲಸ ನಿಲ್ಲಿಸಿದ ಮೇಲೆ ಊರಿಗೆ ಬಂದು, ಸಣ್ಣ ಸಣ್ಣ ಆಫೀಸುಗಳ ಕಂಪ್ಯೂಟರು, ವೈರು ನೋಡಿಕೊಳ್ಳುವ ಕೆಲಸ ಹಿಡಿದ. ನಮ್ಮದು ಅವನ ಮೊದಲ ಆಫೀಸು.

ತೊಂದರೆ ಶುರುವಾದದ್ದು ಹೋದ ಡಿಸೆಂಬರಿನ ಕೊನೆಗೆ. ಒಂದು ಕಂಪ್ಯೂಟರಿನ ಲೈನು ಹೋಗುವುದು, ಬರುವುದು. ಕುಷ್ಟ ಬಂದು ಮೇಜಿನ ಅಡಿ ನುಗ್ಗಿದ. ವೈರಿನ ತುದಿಯಲ್ಲಿ ಒಂದು ಗಾಜಿನ ಹಾಗಿನ ಪ್ಲಗ್ಗು ಇರುತ್ತದೆ, ಹೆಬ್ಬೆರಳ ಉಗುರಿನಷ್ಟು. ಅದರಲ್ಲಿ ಎಂಟು ಹಳದಿ ಕಡ್ಡಿಗಳು. ಅದನ್ನು ಕತ್ತರಿಸಿ ತಂದು ನನ್ನ ಅಂಗೈ ಮೇಲೆ ಇಟ್ಟ. ಕಡ್ಡಿಯ ಮೇಲೆ ಹಸಿರು ಕೂತಿತ್ತು, ತಾಮ್ರದ ಚೆಂಬಿನ ಅಂಚಿನಲ್ಲಿ ಕೂರುತ್ತದಲ್ಲ, ಹಾಗೆ.

“ಉಪ್ಪ್ ಜಲಜಕ್ಕ, ಉಪ್ಪ್. ಈ ಬಂದರಿನ ಗಾಳಿ ಎಂತ ಇಟ್ರೂ ತಿಂದ್ ಹಾಕತ್ತ್.”

ಹೊಸ ಪ್ಲಗ್ಗು ಹಾಕಿ ಹೋದ. ಲೈನು ಬಂತು.

ಉಪ್ಪಿನ ವಿಷಯ ನನಗೆ ಯಾರೂ ಹೇಳಿ ಕೊಡಬೇಕಾಗಿಲ್ಲ. ನಮ್ಮ ಯಜಮಾನರು ದೋಣಿಯವರು. ಮನೆಯಲ್ಲಿ ಕಬ್ಬಿಣ, ಹಿತ್ತಾಳೆ ಏನೇ ಇರಲಿ, ವಾರಕ್ಕೊಮ್ಮೆ ಎಣ್ಣೆ ಕೊಡಬೇಕು. ಇಂಜಿನಿನ ತಿರುಪು, ಬಲೆಯ ಕತ್ತರಿ, ಬಾಗಿಲಿನ ಬೀಗ, ನನ್ನ ಮೀನು ಕತ್ತಿಯ ಮೊಳೆ. ತೆಂಗಿನಕಾಯಿಯ ಒಂದು ಗೆರಟೆಯಲ್ಲಿ ತೆಂಗಿನೆಣ್ಣೆ, ಒಂದು ಕೋಳಿ ಪುಕ್ಕ. ಪುಕ್ಕ ಅದ್ದಿ ಸವರಿದರೆ ಸಂದಿನೊಳಗೂ ಹೋಗುತ್ತದೆ. ಎಣ್ಣೆ ಕಾಣದ ಬೀಗ ಆರು ತಿಂಗಳಿಗೆ ಬೀಗವಲ್ಲ, ತುಕ್ಕಿನ ಉಂಡೆ. ಆಫೀಸಿನಲ್ಲೂ ನಾನು ಸೇರಿದ ವಾರದಿಂದ ಹಾಗೇ ಮಾಡಿಕೊಂಡು ಬಂದೆ. ಪ್ರತಿ ಶನಿವಾರ ಬೆಳಿಗ್ಗೆ, ಯಾರೂ ಬರುವ ಮೊದಲು, ಬೀಗ, ಬಾಗಿಲಿನ ತಿರುಗಣೆ, ಕಪಾಟಿನ ಚಿಲಕ, ಶೈಲೇಶನ ಕತ್ತರಿ, ಎಲ್ಲಕ್ಕೂ ಎಣ್ಣೆ. ಯಾರೂ ಹೇಳಿದ್ದಲ್ಲ. ಯಾರೂ ಬೇಡ ಅಂದದ್ದೂ ಇಲ್ಲ.

ಕುಷ್ಟ ಆ ಹಸಿರು ಹಿಡಿದ ಪ್ಲಗ್ಗು ತೋರಿಸಿ ಹೋದ ಮೇಲೆ ಬಂದ ಶನಿವಾರ ನಾನು ನಾಲ್ಕು ವೈರುಗಳ ಎರಡೂ ತುದಿಗಳನ್ನು ಕಿತ್ತೆ. ಕಿತ್ತದ್ದು ಅಂದರೆ ಕಷ್ಟವೇನಿಲ್ಲ, ಒಂದು ನಾಲಿಗೆ ಇದೆ, ಒತ್ತಿದರೆ ಕಿಟಕ್ ಎಂದು ಬರುತ್ತದೆ, ಅವನು ಮಾಡುವುದನ್ನು ನೋಡಿದ್ದೆ. ಎಂಟು ತುದಿಗಳಿಗೂ ಪುಕ್ಕದಲ್ಲಿ ಎಣ್ಣೆ ಕೊಟ್ಟು ಮತ್ತೆ ಇದ್ದಲ್ಲೇ ಸೇರಿಸಿದೆ. ಪಾಪ, ಅಷ್ಟು ದೂರದಿಂದ ಸೊಂಟ ಹಿಡಿದುಕೊಂಡು ಬರುತ್ತಾನೆ, ಇನ್ನೊಮ್ಮೆ ಬರುವ ಹಾಗಾಗದಿರಲಿ ಎಂದು. ಡಬ್ಬಿಯ ದೀಪಗಳು ಮಿಟುಕಿಸಿದವು. ನನಗೆ ಸಮಾಧಾನವಾಯಿತು. “ಎಲ್ಲದ್ಕೂ ಎಣ್ಣಿ ಕೊಟ್ಟಿದೆ” ಎಂದು ಶೈಲೇಶನಿಗೂ ಹೇಳಿದೆ. ಅವನು ಮೊಬೈಲು ನೋಡುತ್ತಾ “ಹ್ಞೂಂ” ಎಂದ.

ಹದಿನೈದು ದಿನ ಸರಿ ಇತ್ತು. ಆಮೇಲೆ ಒಂದರ ಬದಲು ಎರಡು ಕಂಪ್ಯೂಟರಿನ ಲೈನು ಹೋಗಿ ಬಂದು ಮಾಡಲಿಕ್ಕೆ ಹಿಡಿಯಿತು.

ಎರಡನೇ ಸಲ ಬಂದ ಕುಷ್ಟ ಒಂದು ಸಣ್ಣ ಪೆಟ್ಟಿಗೆ ತಂದಿದ್ದ. ವೈರನ್ನು ಅದಕ್ಕೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ದೀಪ ಹತ್ತುತ್ತದೆ. ಎಂಟೂ ಹತ್ತಿದವು. ಪುನಃ ಕಂಪ್ಯೂಟರಿಗೆ ಸಿಕ್ಕಿಸಿದ, ಲೈನು ಬಂತು. ಅರ್ಧ ಗಂಟೆ ಕಾದ. ಹೋಗಲಿಲ್ಲ. ಅವನು ಹೆಲ್ಮೆಟು ಹಾಕಿಕೊಂಡು ಹೊರಟು ಮುಳ್ಳಿಕಟ್ಟೆ ದಾಟಿರಲಿಕ್ಕಿಲ್ಲ, ಲೈನು ಹೋಯಿತು. ಮತ್ತೆ ತಿರುಗಿ ಬಂದ.

“ರೋಗಿ ಡಾಕ್ಟ್ರ ಎದ್ರಿಗೆ ಮಾತ್ರ ಹುಷಾರಿಪ್ಪುದ್” ಎಂದು ಶೈಲೇಶ ನಗಾಡಿದ. ಕುಷ್ಟ ನಗಲಿಲ್ಲ. ಎಲ್ಲ ಪ್ಲಗ್ಗು ಕತ್ತರಿಸಿ ಎಂಟೂ ಹೊಸತು ಹಾಕಿದ. ಹಳೆಯದರ ಮೇಲೆ ಪಸೆ ಇತ್ತು, ಹಸಿರಿತ್ತು. ಮೂಸಿ ನೋಡಿದ. ಅವನಿಗೆ ಆ ವಾಸನೆಯಲ್ಲಿ ಏನೂ ವಿಶೇಷ ಕಂಡಿರಲಿಕ್ಕಿಲ್ಲ. ನಮ್ಮ ಆಫೀಸೇ ಒಣಮೀನು, ಡೀಸೆಲ್, ಎಣ್ಣೆ ಎಲ್ಲ ಸೇರಿದ ವಾಸನೆ.

“ಉಪ್ಪೇ. ಗಾಳಿಯ ಪಸೆ” ಎಂದ.

ನಾನು ಆ ಶನಿವಾರ ಎಣ್ಣೆಯನ್ನು ಇನ್ನೂ ಸ್ವಲ್ಪ ಜಾಸ್ತಿಯೇ ಕೊಟ್ಟೆ.

ಹೀಗೆ ಐದು ಸಲ. ಮೂರನೇ ಸಲ ಕಪಾಟಿನ ಮೇಲಿನ ಡಬ್ಬಿಯನ್ನೇ ಬದಲಿಸಿದ. ನಾಲ್ಕನೇ ಸಲ ಬಂದಾಗ, ಪಕ್ಕದ ಐಸ್ ಪ್ಲಾಂಟಿನ ಮೋಟಾರು ಶುರುವಾಗುವ ಹೊತ್ತಿಗೇ ಲೈನು ಹೋಗುತ್ತದೆಯೋ ಎಂದು ಒಂದು ಕಾಗದದಲ್ಲಿ ಗಂಟೆ ಬರೆದಿಟ್ಟುಕೊಂಡ. ಕರೆಂಟಿನ ವೈರೂ ಈ ವೈರೂ ಒತ್ತೊತ್ತಾಗಿ ಇರಬಾರದಂತೆ. ನಾಲ್ಕೂ ವೈರು ಕಿತ್ತು, ಬೇರೆ ಗೋಡೆಯಲ್ಲಿ, ಮೇಲಿನಿಂದ, ಹೊಸದು ಎಳೆದ. ಇಡೀ ದಿನ ಏಣಿಯ ಮೇಲೆ. ಸಂಜೆ ಒಂದೊಂದೇ ಮೆಟ್ಟಿಲು ಹಿಡಿದು ಇಳಿದ. ನಾನು ಕುರ್ಚಿ ಕೊಟ್ಟೆ. ಐದನೇ ಸಲ ಕಂಪ್ಯೂಟರನ್ನೇ ಬಿಚ್ಚಿ, ವೈರು ಸಿಕ್ಕಿಸುವ ಒಳಗಿನ ಬಿಲ್ಲೆಯನ್ನು ಬದಲಿಸಿದ. ಪ್ರತಿ ಸಲವೂ ಹತ್ತು ಹದಿನೈದು ದಿನ ಸರಿ. ಪ್ರತಿ ಸಲವೂ ಅವನು ಹೋದ ಮೇಲೆ ಬರುವ ಶನಿವಾರದಿಂದಲೇ ವಾರ ವಾರ ನಾನು ಪುಕ್ಕ ಹಿಡಿದುಕೊಂಡು ಹೊಸ ಪ್ಲಗ್ಗುಗಳಿಗೆ ಎಣ್ಣೆ ಕೊಡುತ್ತಿದ್ದೆ. ಇಷ್ಟಾದರೂ ಹಾಳಾಗುತ್ತದಲ್ಲ, ಇನ್ನು ಎಣ್ಣೆ ಕೊಡದಿದ್ದರೆ ಏನು ಗತಿ ಎಂದು ನನ್ನ ಲೆಕ್ಕ.

ಐದನೇ ಸಲದ ಕೆಲಸ ಮುಗಿಸಿ ಅವನು ಹಿಂದಿನ ಜಗಲಿಯಲ್ಲಿ ಕೂತು ಚಹಾ ಕುಡಿಯುವಾಗ ಒಂದು ಮಾತು ಹೇಳಿದ.

“ಜಲಜಕ್ಕ, ಈ ಸಲ ನಿಲ್ಲದಿದ್ರೆ ನಾನ್ ಮುಗ್ದೆ.”

“ಎಂತಕೆ ಹಾಂಗ್ ಹೇಳ್ತೆ? ಒಂದ್ ಆಫೀಸ್ ಹೋದ್ರೆ ಇನ್ನೊಂದ್ ಇತ್ತಲೆ.”

“ಇಲ್ಲೆ. ಬೈಂದೂರಂಗೆ ಒಂದ್ ಸಂಘ ಇತ್ತ್. ಮೂರ್ ಬ್ರಾಂಚ್. ಮ್ಯಾನೇಜರ್ ಮಂಜಯ್ಯ ಅಂದೇಳಿ. ಏಪ್ರಿಲಿಂದ ವರ್ಷದ ಕೆಲ್ಸ ಕೊಡ್ತೆ ಅಂದಿರ್. ಆದ್ರೆ ಗಂಗೊಳ್ಳಿಯರ್ ಎಂತ ಹೇಳ್ತ್ರೊ ಕಾಂತೆ ಅಂದ್ರ್. ಇಲ್ಲಿಂದ ಒಳ್ಳೆ ಮಾತ್ ಹೋಯ್ಲಿಲ್ಲ ಅಂದ್ರೆ ಅದೂ ಇಲ್ಲೆ. ಅದಿಲ್ಲ ಅಂದ್ರೆ ಮತ್ತೆ ಮುಂಬಯಿ. ಹಳೇ ಸೇಟು ಫೋನ್ ಮಾಡಿದ್ದ. ಏಣಿ ಹತ್ತೂ ಕೆಲ್ಸ.”

“ಈ ಕಾಲ್ ಹಿಡ್ಕಂಡಾ?”

ಅವನು ಮೊಣಕಾಲು ಒತ್ತಿ ಹಿಡಿದು ಎದ್ದ. ಲೋಟ ತಾನೇ ತೊಳೆದಿಟ್ಟು ಹೋದ. ಆಫೀಸಿಗೆ ಬರುವವರಲ್ಲಿ ಕುಡಿದ ಲೋಟ ತೊಳೆದಿಡುವವ ಅವನೊಬ್ಬನೇ.

ಆ ಸಲ ಹನ್ನೆರಡೇ ದಿನ ನಿಂತದ್ದು. ಮಾರ್ಚ್ ತಿಂಗಳ ಒಂದು ಗುರುವಾರ, ಜಗಲಿಯ ತುಂಬ ಬೋಟಿನವರು, ನಾಲ್ಕರಲ್ಲಿ ಮೂರು ಕಂಪ್ಯೂಟರು ಸತ್ತ ಹಾಗೆ ಕೂತವು. ನಮ್ಮ ಸೆಕ್ರೆಟರಿ ಪದ್ಮಾಕ್ಷಿ ಮೇಡಂ ಕೆಟ್ಟವರಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಸಿಕೊಳ್ಳುವ ಕೆಲಸ ಅವರದ್ದು, ಎಷ್ಟೆಂದು ತಡೆದುಕೊಂಡಾರು? ಕುಷ್ಟನಿಗೆ ಫೋನಿನಲ್ಲಿ ನನ್ನೆದುರೇ ಹೇಳಿದರು.

“ಕುಷ್ಟಣ್ಣ, ಇನ್ನ್ ಬಪ್ಪುದ್ ಬ್ಯಾಡ. ಡೈರೆಕ್ಟ್ರ್‌ಗಳ್ ಸೈ ಆಯ್ತ್. ಉಡುಪಿ ಬದಿಯ ಕಂಪನಿಯರ್ ಸೋಮವಾರ ಬತ್ರ್. ಮಂಜಯ್ಯನೋರೂ ಕೇಂಡಿರ್. ಐದ್ ಸಲ ಬಂದ್ರೂ ಸಮ ಆಯ್ಲಿಲ್ಲೆ ಅಂತ ಇದ್ದದ್ದನ್ನೇ ಹೇಳಿದೆ.”

ಒಂದು ದಿನ ಬಂದು ಕೂತು ನೋಡಲಿಕ್ಕೆ ಬಿಡಿ ಎಂದು ಅವನು ಆ ಕಡೆಯಿಂದ ಕೇಳಿಕೊಂಡ. ಮೇಡಂ, “ಆಯ್ತ್. ಶನಿವಾರ ಒಂದ್ ದಿನ. ಆದ್ರೆ ಎಂತ ಕೂಕಂಡ್ ಕಾಂತ್ರಿಯೊ ನಂಗೊತ್ತಿಲ್ಲೆ” ಎಂದು ಫೋನು ಇಟ್ಟರು.

ಶನಿವಾರ ಬೆಳಿಗ್ಗೆ ಏಳೂವರೆಗೆ ನಾನು ಬೀಗ ತೆಗೆಯುವಾಗ ಕುಷ್ಟ ಮೆಟ್ಟಿಲ ಮೇಲೆ ಕೂತಿದ್ದ. ಚೀಲವನ್ನು ಬಗಲಿಗಿಟ್ಟುಕೊಂಡು ಗೋಡೆಗೆ ಒರಗಿದ್ದ. ರಾತ್ರಿ ನಿದ್ದೆ ಮಾಡಿದವನ ಮುಖವಲ್ಲ.

“ಇಷ್ಟ್ ಬೇಗ ಬಂದ್ಯಾ? ಎಂತಾರೂ ತಿಂದ್ಯಾ?”

“ಆಯ್ತ್ ಜಲಜಕ್ಕ. ಇಂದ್ ನಾನ್ ಎಂತದೂ ಮುಟ್ಟುದಿಲ್ಲೆ. ಕೂಕಂಡ್ ಕಾಂತೆ, ಅಷ್ಟೇ. ಲೈನ್ ಯಾವಾಗ ಹೋತ್, ಹೋಪ ಹೊತ್ತಿಗ್ ಇಲ್ಲಿ ಎಂತ ಆತ್, ಅದ್ ಕಾಣ್ಕ್. ಐದ್ ಸಲವೂ ಬಂದ ಕೂಡ್ಲೆ ಬಿಚ್ಚುಕೆ ಹೊರಟೆ. ಕೂಕಂಡ್ ಕಾಂಬುದೇ ಆಯ್ಲಿಲ್ಲೆ.”

ಒಳಗೆ ಬಂದು ಒಂದು ಸ್ಟೂಲು ಎಳೆದು, ಡಬ್ಬಿಗೆ ಎದುರಾಗಿ ಕೂತ. ನಾನು ನನ್ನ ಕೆಲಸ ಹಿಡಿದೆ. ಗುಡಿಸಿದೆ, ಒರೆಸಿದೆ, ದೇವರ ಪಟಕ್ಕೆ ಹೂ ಇಟ್ಟೆ. ಶನಿವಾರವಲ್ಲವೇ? ಗೆರಟೆ, ಪುಕ್ಕ ತೆಗೆದುಕೊಂಡೆ. ಬೀಗಕ್ಕೆ ಕೊಟ್ಟೆ. ಬಾಗಿಲಿಗೆ ಕೊಟ್ಟೆ, ಕಿರುಗುಟ್ಟುವುದು ನಿಂತಿತು. ಕತ್ತರಿಗೆ ಕೊಟ್ಟೆ. ಆಮೇಲೆ ಮೊದಲ ಮೇಜಿನ ಹಿಂದೆ ಬಗ್ಗಿ, ವೈರು ಕಿಟಕ್ ಎಂದು ತೆಗೆದು, ಪ್ಲಗ್ಗಿನ ಎಂಟು ಕಡ್ಡಿಗಳ ಮೇಲೆ ಪುಕ್ಕ ಎಳೆದೆ.

ಡಬ್ಬಿಯಲ್ಲಿ ಒಂದು ದೀಪ ಆರಿತು.

“ಜಲಜಕ್ಕ.”

“ಎಂತಾ?”

“ಎಂತ ಮಾಡ್ತಿದ್ರಿ?”

“ಎಣ್ಣಿ ಕೊಡ್ತಿದ್ದೆ ಮಾರಾಯಾ. ಉಪ್ಪ್ ಹಿಡೂದ್ ಬ್ಯಾಡ ಅಂದೇಳಿ. ನೀನೇ ಹೇಳಿದ್ದಲ್ದಾ?”

ಅವನು ಸ್ಟೂಲಿನಿಂದ ಎದ್ದು ಬಂದ. ನನ್ನ ಕೈಯಿಂದ ಪ್ಲಗ್ಗು ತೆಗೆದುಕೊಂಡು ಬೆಳಕಿಗೆ ಹಿಡಿದ. ಎಣ್ಣೆ ಹೊಳೆಯಿತು. ಮೂಸಿದ.

“ಯಾವತ್ತಿಂದ?”

“ನೀನ್ ಮೊದಲ್ನೇ ಸಲ ಬಂದ್ ಹೋದ ಲಾಗಾಯ್ತ್. ವಾರ ವಾರವೂ. ಒಂದ್ ಶನಿವಾರವೂ ತಪ್ಪಿಸ್ಲಿಲ್ಲೆ.”

ಇದನ್ನು ನಾನು ಹೆಮ್ಮೆಯಿಂದ ಹೇಳಿದೆ, ಕಾಣಿ. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಡೆದುಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಾನೋ ಎಂದು ನನಗೆ ಹೆದರಿಕೆಯಾಯಿತು. ಅಳಲಿಲ್ಲ. ಬರೀ ದಣಿವು. ನೀರಿಂದ ಮೇಲೆ ಎಳೆದು ಹಾಕಿದ ಬಲೆಯ ಹಾಗೆ ಕೂತುಬಿಟ್ಟ.

ಆಮೇಲೆ ನಿಧಾನಕ್ಕೆ ಹೇಳಿಕೊಟ್ಟ. ಬೀಗಕ್ಕೆ ಎಣ್ಣೆ ಒಳ್ಳೆಯದು, ಜಾರಬೇಕು. ಈ ಕಡ್ಡಿಗಳು ಜಾರಬಾರದು, ಒಂದಕ್ಕೊಂದು ತಾಗಿಕೊಂಡೇ ಇರಬೇಕು. ಎಣ್ಣೆ ಹೊಸದಿರುವಾಗ ಹೇಗೋ ತಾಗುತ್ತವೆ. ಎಣ್ಣೆಯ ಮೇಲೆ ಎಣ್ಣೆ ಬಿದ್ದು ಹತ್ತು ದಿನ ಕಳೆದರೆ ಗಾಳಿಯ ಉಪ್ಪು, ಧೂಳು ಎಲ್ಲ ಅದಕ್ಕೆ ಹಿಡಿದು ಅಂಟಾಗುತ್ತದೆ, ಹಸಿರು ಬರುತ್ತದೆ. ಆಗ ಒಂದು ಗಳಿಗೆ ತಾಗುತ್ತದೆ, ಒಂದು ಗಳಿಗೆ ಇಲ್ಲ. ಎಳೆದು ಮತ್ತೆ ಸಿಕ್ಕಿಸಿದರೆ ಒರೆಸಿದ ಹಾಗಾಗಿ ಸ್ವಲ್ಪ ಹೊತ್ತು ಸರಿಯಾಗುತ್ತದೆ. ಅದಕ್ಕೇ ಅವನೆದುರು ಯಾವತ್ತೂ ಲೈನು ಹೋಗುತ್ತಿರಲಿಲ್ಲ.

“ಹಾಂಗಾರೆ ನಾನೇ…”

“ಬಿಡಿ. ಮೇಡಂ ಹತ್ರ ನಿಮ್ ಸುದ್ದಿ ಹೇಳುದಿಲ್ಲೆ. ಈ ವಯಸ್ಸಂಗೆ ನಿಮ್ಗೆ ಬೇರೆ ಕೆಲ್ಸ ಯಾರ್ ಕೊಡ್ತ್ರ್? ಉಪ್ಪ್ ಅಂತೇ ಹೇಳ್ತೆ.”

ಹತ್ತು ಗಂಟೆಗೆ ಶೈಲೇಶ ಬಂದ, ಅವನ ಹಿಂದೆ ಪದ್ಮಾಕ್ಷಿ ಮೇಡಂ ಬಂದರು. ಚೀಲ ಕುರ್ಚಿಗೆ ಸಿಕ್ಕಿಸುವ ಮೊದಲೇ ಕೇಳಿದರು. “ಎಂತ ಕಂಡ್ರಿ ಕುಷ್ಟಣ್ಣ?”

“ಉಪ್ಪೇ ಮೇಡಂ. ಎಂಟೂ ತುದಿ ಇನ್ನೊಂದ್ಸಲ ಹೊಸ್ತ್ ಮಾಡಿ ಕೊಡ್ತೆ. ಇನ್ನ್ ಹೋತಿಲ್ಲೆ.”

“ಉಪ್ಪ್!” ಮೇಡಂ ಕೈ ಚೆಲ್ಲಿದರು. “ಐದ್ ಸಲವೂ ಅದೇ ಉಪ್ಪ್. ಊರಂಗೆ ಬ್ಯಾಂಕ್ ಇತ್ತ್, ಅಂಚೆ ಕಚೇರಿ ಇತ್ತ್. ಅಲ್ಲೆಲ್ಲ ಇಲ್ಲದ್ ಉಪ್ಪ್ ನಮ್ಗ್ ಮಾತ್ರವಾ?”

ಕುಷ್ಟ ತಲೆ ತಗ್ಗಿಸಿಕೊಂಡು ನಿಂತ. ಮುಂಬಯಿಯ ಏಣಿ ಅವನಿಗೆ ಕಾಣುತ್ತಿತ್ತೋ ಏನೋ. ನನಗಂತೂ ಕಂಡಿತು. ನಾನು ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟೆ.

“ಉಪ್ಪಲ್ಲ ಮೇಡಂ. ನಾನ್. ಪ್ರತಿ ಶನಿವಾರ ಆ ವೈರಿನ್ ತುದಿಗೆ ನಾನ್ ಎಣ್ಣಿ ಹಚ್ಚಿದೆ.”

“ಎಣ್ಣೆಯಾ?”

“ತೆಂಗಿನೆಣ್ಣಿ.”

ಶೈಲೇಶ ಮೇಜು ಬಡಿದು ನಗಲಿಕ್ಕೆ ಶುರು ಮಾಡಿದ. “ದೇವ್ರೇ! ಕಂಪ್ಯೂಟರಿಗ್ ಎಣ್ಣೆಸ್ನಾನ! ಸೀಗೆಪುಡಿ ಹಾಕ್ಲಿಲ್ಲ್ಯಾ ಜಲಜಕ್ಕ?”

“ನಿಂಗ್ ಹೇಳಿದ್ನಲ್ಲ ಶೈಲೇಶ, ಎಲ್ಲದ್ಕೂ ಎಣ್ಣಿ ಕೊಟ್ಟಿದೆ ಅಂದೇಳಿ. ಹ್ಞೂಂ ಅಂದದ್ ಯಾರ್?”

ಅವನ ನಗು ಅಲ್ಲಿಗೆ ನಿಂತಿತು. ಮೇಡಂ ನನ್ನನ್ನು ನೋಡಿದರು, ಅವನನ್ನು ನೋಡಿದರು, ಕೊನೆಗೆ ಕುಷ್ಟನ ಕಡೆ ತಿರುಗಿದರು. “ಅಲ್ಲ, ಐದ್ ಸಲ ಬಂದ್ರಿ ನೀವ್. ಅಷ್ಟೂ ಪ್ಲಗ್ ಕತ್ತರ್ಸಿ ಹಾಕ್ದ್ರಿ. ಎಣ್ಣೆ ಅಂತ ಗೊತ್ತಾಯ್ಲಿಲ್ಲ್ಯಾ?”

“ಇಲ್ಲೆ ಮೇಡಂ. ಅದ್ ನನ್ ತಪ್ಪೇ” ಎಂದ ಕುಷ್ಟ. “ವೈರ್ ಕಂಡೆ, ಡಬ್ಬಿ ಕಂಡೆ, ಐಸ್ ಪ್ಲಾಂಟಿನ್ ಮೋಟಾರ್ ಕಂಡೆ. ನಿಮ್ಮನ್ನ್ ಕೇಂಡೆ, ಶೈಲೇಶನ್ನ್ ಕೇಂಡೆ. ದಿನಾ ಬಾಗ್ಲ್ ತೆಗೂದ್ ಜಲಜಕ್ಕ. ಅವ್ರನ್ನ್ ಒಂದ್ ಸಲವೂ ಕೇಣ್ಲಿಲ್ಲೆ. ಚಹಾ ಮಾತ್ರ ಕುಡ್ದೆ.”

ಮೇಡಂ ಕುರ್ಚಿಯಲ್ಲಿ ಕೂತರು. ಸಿಟ್ಟು ಇಳಿದಿತ್ತು. ಆದರೆ ಇಳಿದು ಪ್ರಯೋಜನವಿಲ್ಲ ಎಂದು ಅವರ ಮುಖ ನೋಡುವಾಗಲೇ ಗೊತ್ತಾಯಿತು. ಡೈರೆಕ್ಟರುಗಳ ಸಹಿ ಆಗಿದೆ, ಕಾಗದ ಹೋಗಿದೆ, ಸೋಮವಾರ ಹೊಸ ಕಂಪನಿಯವರು ಬರುತ್ತಾರೆ. ಒಬ್ಬರ ಸಹಿ ಹಾಕಿಸಲಿಕ್ಕೇ ಮಲ್ಪೆಗೆ ಹೋಗಿ ಬರಬೇಕಾಗಿತ್ತಂತೆ. ಅದನ್ನು ಈಗ ತಿರುಗಿಸುವುದು ಅವರ ಕೈಯಲ್ಲಿಲ್ಲ.

“ಅದ್ ಬ್ಯಾಡ ಮೇಡಂ” ಎಂದ ಕುಷ್ಟ. “ಈ ಆಫೀಸ್ ಹೋಯ್ಲಿ. ಮಂಜಯ್ಯನೋರಿಗ್ ಒಂದ್ ಫೋನ್ ಮಾಡಿ. ಕೆಲ್ಸ ಹಾಳ್ ಮಾಡಿದ್ದಲ್ಲ, ಕಾರಣ ಇಂಥದ್ ಅಂತ. ಅಷ್ಟೇ ಸಾಕ್.”

ಮೇಡಂ ಫೋನು ಕೈಗೆತ್ತಿಕೊಂಡರು. ಮತ್ತೆ ಇಟ್ಟರು.

“ಎಂತ ಹೇಳುದ್? ನಮ್ ಆಫೀಸಂಗೆ ಕಂಪ್ಯೂಟರಿಗ್ ಎಣ್ಣೆ ಹಚ್ತ್ರ್ ಅಂತ್ಲಾ? ನಾಳೆ ಬೈಂದೂರಿಂದ ಬ್ರಹ್ಮಾವರದ ತನ್ಕ ಎಲ್ಲ ಸಂಘದರೂ ನೆಗಾಡ್ತ್ರ್. ಸಭೆಗ್ ಹೋರೆ ನಂಗ್ ಮುಖ ಇತ್ತಾ?”

ಅವರು ಹೇಳಿದ್ದರಲ್ಲೂ ಸುಳ್ಳಿಲ್ಲ. ಹೆಂಗಸೊಬ್ಬಳು ಸೆಕ್ರೆಟರಿ ಕುರ್ಚಿಯಲ್ಲಿ ಕೂತರೆ ನಗಲಿಕ್ಕೆ ಕಾರಣ ಹುಡುಕುವವರೇ ಹೆಚ್ಚು. ಕುಷ್ಟ ತನ್ನ ಚೀಲದ ಜಿಪ್ಪು ಎಳೆದ. ಆ ಜಿಪ್ಪಿನ ಶಬ್ದ ನನಗೆ ತಡೆಯಲಾಗಲಿಲ್ಲ.

“ಮೇಡಂ, ನಂಬರ್ ಒತ್ತಿ ಕೊಡಿ. ನಾನೇ ಮಾತಾಡ್ತೆ. ನಂಗ್ ಸಭೆಗ್ ಹೋಪುಕಿಲ್ಲೆ. ನನ್ನನ್ ಕಂಡ್ ನೆಗಾಡಿರೆ ನಂಗೆಂತ?”

ಮೇಡಂ ಒಪ್ಪುತ್ತಾರೆ ಎಂದು ನಾನು ತಿಳಿದಿರಲಿಲ್ಲ. ಅವರು ನಂಬರು ಒತ್ತಿ ಫೋನನ್ನು ನನ್ನ ಕಡೆ ತಳ್ಳಿದರು. ಹನ್ನೊಂದು ವರ್ಷದಲ್ಲಿ ಆ ಫೋನನ್ನು ನಾನು ಬಟ್ಟೆಯಿಂದ ಒರೆಸಿದ್ದಲ್ಲದೆ ಕಿವಿಗೆ ಹಿಡಿದದ್ದಿಲ್ಲ. ಸೆರಗಿಗೆ ಕೈ ಒರೆಸಿ ಹಿಡಿದೆ.

“ಹಲೋ, ಮಂಜಯ್ಯನೋರಾ? ನಾನ್ ಗಂಗೊಳ್ಳಿ ಆಫೀಸಂಗೆ ಗುಡ್ಸೂ ಜಲಜ.”

“ಯಾರ್? ಎಂತ ಆಯ್ಕಿತ್ತ್?”

“ನಿಮ್ಗೊಂದ್ ಸತ್ಯ ಹೇಳುಕಿತ್ತ್. ಕುಷ್ಟನ್ ಕೆಲ್ಸ ಸಮ ಇತ್ತ್. ಅಂವ ಸಮ ಮಾಡಿ ಹೋಪುದ್, ನಾನ್ ಎಣ್ಣಿ ಹಚ್ಚಿ ಹಾಳ್ ಮಾಡುದ್. ಐದ್ ಸಲವೂ ಹಾಂಗೇ. ನಂಗ್ ಗೊತ್ತಿರ್ಲಿಲ್ಲೆ. ದೋಣಿ ಮನೆಯರ್ ನಾವ್, ಉಪ್ಪ್ ಹಿಡೂದಕ್ಕೆಲ್ಲ ಎಣ್ಣಿ ಹಚ್ಚುದೇ ಗೊತ್ತ್.”

ಆ ಕಡೆ ಸದ್ದಿಲ್ಲ. ಲೈನು ಹೋಯಿತೋ ಎಂದುಕೊಂಡೆ. ಆಮೇಲೆ ಒಂದು ನಗು ಶುರುವಾಯಿತು ನೋಡಿ, ಮುಗಿಯುವುದೇ ಇಲ್ಲ. ಕೆಮ್ಮಿ ಕೆಮ್ಮಿ ನಕ್ಕರು. ಪಕ್ಕದಲ್ಲಿದ್ದವರಿಗೆ ಹೇಳಿದ್ದೂ ಕೇಳಿಸಿತು. ನಾನು ಫೋನು ಹಿಡಿದುಕೊಂಡೇ ನಿಂತಿದ್ದೆ. ನಗಲಿ. ನಗುವುದಕ್ಕೆ ನಾನು ಒಪ್ಪಿಯೇ ಫೋನು ಹಿಡಿದದ್ದು. ಆದರೂ ಕಿವಿ ಬಿಸಿಯಾಯಿತು.

“ಕುಷ್ಟ ಅಲ್ಲೇ ಇದ್ನಾ?” ಎಂದು ಕೊನೆಗೆ ಕೇಳಿದರು.

“ಇದ್ದ. ಸಾಮಾನ್ ಕಟ್ಟುಕ್ ಹೊರಟಿದ್ದ.”

“ಮಂಗ್ಳವಾರ ಬಪ್ಪುಕ್ ಹೇಳಿ. ಬಂದ್ ಮೊದ್ಲ್ ನಮ್ಮಲ್ಲಿ ಗುಡ್ಸೂ ಹೆಂಗ್ಸಿನ್ ಹತ್ರ ಮಾತಾಡುಕ್ ಹೇಳಿ. ಆಮೇಲೆ ವೈರ್ ಮುಟ್ಲಿ.”

ಹೇಳಿದೆ. ಕುಷ್ಟ ಮುಖ ಎತ್ತಿದ. ಸಂತೋಷದಿಂದ ಕುಣಿದ ಎಂದು ಬರೆಯಲಿಕ್ಕೆ ಚೆಂದ, ಆದರೆ ಹಾಗಾಗಲಿಲ್ಲ. “ಆಯ್ತ್” ಎಂದ, ಅಷ್ಟೇ. ಚೀಲದ ಜಿಪ್ಪನ್ನು ಪುನಃ ಬಿಚ್ಚಿ ಕತ್ತರಿ ತೆಗೆದ. “ಎಂಟ್ ತುದಿ ಇತ್ತಲೆ. ಅದನ್ನ್ ಹಾಂಗೇ ಬಿಟ್ ಹೋಪುಕಾತಿಲ್ಲೆ.”

ಮೇಡಂ, “ಇನ್ನ್ ನಿಮ್ ಕೆಲ್ಸ ಅಲ್ಲ, ಸೋಮವಾರ ಅವ್ರ್ ಮಾಡ್ತ್ರ್” ಎಂದರು. ಅವನು ಕೇಳಿಸಿಕೊಂಡನೋ ಇಲ್ಲವೋ. ಎಡಕಿವಿಯ ಕಡೆ ನಿಂತು ಹೇಳಿದ್ದರು. ಮೇಜಿನ ಅಡಿಗೆ ನುಗ್ಗಿದ. ನಾನು ವೈರು ಹಿಡಿದುಕೊಂಡೆ, ಅವನು ಒಂದೊಂದೇ ತುದಿ ಕತ್ತರಿಸಿ, ಎಂಟು ಬಣ್ಣದ ಎಳೆಗಳನ್ನು ಸಾಲು ಮಾಡಿ, ಹೊಸ ಪ್ಲಗ್ಗಿಗೆ ಕೂರಿಸಿ ಒತ್ತಿದ. ಎಂಟನೆಯದು ಮುಗಿಯುವಾಗ ಎರಡು ಗಂಟೆ. ಎದ್ದು ನಿಲ್ಲಲಿಕ್ಕೆ ಮೇಜಿನ ಅಂಚು ಹಿಡಿದ, ಸಾಲಲಿಲ್ಲ, ನನ್ನ ಹೆಗಲು ಹಿಡಿದ. ನನಗೂ ಸೊಂಟ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಗೋ ಎದ್ದೆವು.

ಸೋಮವಾರ ಉಡುಪಿ ಬದಿಯ ಕಂಪನಿಯವರು ಇಬ್ಬರು ಬಂದರು. ಇಬ್ಬರದ್ದೂ ಒಂದೇ ಬಣ್ಣದ ಅಂಗಿ. ನಾಲ್ಕೂ ಕಂಪ್ಯೂಟರು ನೋಡಿದರು, ಡಬ್ಬಿ ನೋಡಿದರು. ಕಾಲು ಗಂಟೆಯಲ್ಲಿ ಪುಸ್ತಕದಲ್ಲಿ ‘ಲೈನ್ ಸರಿ ಇದೆ’ ಎಂದು ಬರೆದು ಸಹಿ ಹಾಕಿ ಚಹಾ ಕುಡಿದು ಹೋದರು. ಬಗ್ಗಿ ಮೇಜಿನ ಅಡಿಗೂ ಇಣುಕಲಿಲ್ಲ. ಆಮೇಲೆ ಲೈನು ಹೋಗಿಲ್ಲ. ಅವರ ಕೈಗುಣ ಒಳ್ಳೆಯದು ಎಂದು ಒಬ್ಬ ಡೈರೆಕ್ಟರು ಹೊಗಳಿದರಂತೆ. ಮೇಡಂ ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಕಂಪ್ಯೂಟರಿನ ಬೆನ್ನಿನ ಕಡೆ ಮಾತ್ರ ಹೋಗಬಾರದು ಎಂದಿದ್ದಾರೆ. ನಾನು ಹೋಗುವುದಿಲ್ಲ. ಅಲ್ಲಿ ಜೇಡರ ಬಲೆ ಕಟ್ಟಿದೆ, ಶೈಲೇಶ ತೆಗೆಯುತ್ತಾನೋ ಎಂದು ನೋಡುತ್ತಿದ್ದೇನೆ.

ಮಂಗಳವಾರ ಸಂಜೆ ಕುಷ್ಟ ಬೈಂದೂರಿನಿಂದ ಫೋನು ಮಾಡಿದ.

“ಕೆಲ್ಸ ಕೊಟ್ರ್ ಜಲಜಕ್ಕ. ಮೂರ್ ಬ್ರಾಂಚ್. ಹದಿನೆಂಟ್ ಮೇಜ್.”

“ಒಳ್ಳೇದಾಯ್ತ್ ಮಾರಾಯಾ. ಹದಿನೆಂಟಾ? ಕಾಲ್ ಕೇಂತಾ ನಿನ್ ಮಾತ್?”

“ಕೇಂತಿಲ್ಲೆ. ಆದ್ರೂ ಮುಂಬಯಿ ಏಣಿಕಿಂತ ಅಡ್ಡಿಲ್ಲೆ. ಮಲ್ಕಂಡ್ ಮಾಡೂ ಕೆಲ್ಸ.”

“ಗುಡ್ಸೂರ್ ಹತ್ರ ಮಾತಾಡ್ದ್ಯಾ?”

“ಯಾಮಿನಿ ಅಂಬ್ರ್. ನಾನ್ ಬಪ್ಪ ಹೊತ್ತಿಗ್ ಕೆಲ್ಸ ಮುಗ್ಸಿ ಮನೆಗ್ ಹೋಯಿರ್. ಬೆಳಿಗ್ಗೆ ಏಳ್ ಗಂಟಿಗ್ ಬತ್ರಂಬ್ರ್.” ಒಂದು ಉಸಿರು ಬಿಟ್ಟ. ಹಿಂದೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. “ಇನ್ನ್ ಬೀಜಾಡಿಗ್ ಹೋಯಿ, ನಾಳೆ ಆರಕ್ಕೆ ಹೊರ್ಡ್ಕ್. ಬತ್ತೆ ಜಲಜಕ್ಕ.”